ಅಪ್ಪನ ಫ್ಲಾಶ್ ಎಸೆಯಬೇಡಿ, ಹೊಸ ಕ್ಯಾಮೆರಾದ ಮೇಲೂ ಕೂರಿಸಬೇಡಿ

ದಾವಣಗೆರೆ ಸುತ್ತಮುತ್ತ ಅಪ್ಪನ ಕಾಲದಿಂದ ಸ್ಟುಡಿಯೋ ಇಟ್ಟುಕೊಂಡಿರುವ ಮನೆಗಳಲ್ಲಿ ಫಿಲ್ಮ್ ರೋಲ್ ಕಾಲದ ಫ್ಲಾಶ್ ಒಂದಾದರೂ ಇದ್ದೇ ಇರುತ್ತದೆ. ವಿವಿಟಾರ್ 283, ನ್ಯಾಷನಲ್, ಸನ್‌ಪ್ಯಾಕ್, ದಪ್ಪ ಹಿಡಿಕೆಯ ಮೆಟ್ಜ್ 45. ಈಗ ಸ್ಟುಡಿಯೋ ಮಗನ ಕೈಗೆ ಬಂದಿದೆ. ಸಾಲ ಮಾಡಿ ಮಿರರ್‌ಲೆಸ್ ಕ್ಯಾಮೆರಾ ತಗೊಂಡಿದ್ದಾನೆ. ಫ್ಲಾಶ್‌ಗೆ ದುಡ್ಡು ಉಳಿದಿಲ್ಲ. ಹೊನ್ನಾಳಿಯಿಂದಲೋ ಜಗಳೂರಿಂದಲೋ ಬಸ್ ಹತ್ತಿ ನನ್ನ ರಿಪೇರಿ ಟೇಬಲ್ಲಿಗೆ ಬರುತ್ತಾನೆ. "ಅಣ್ಣಾ, ಇದು ನಮ್ಮಪ್ಪಂದು. ಈ ಕ್ಯಾಮೆರಾಕ್ಕೆ ಹಾಕಬಹುದಾ?" ಅಂತ ಕೇಳುತ್ತಾನೆ.

ಬಳಸಬಹುದು, ಖಂಡಿತ ಬಳಸಬಹುದು. ಆದರೆ ಅದರ ಜಾಗ ಕ್ಯಾಮೆರಾದ ತಲೆ ಮೇಲೆ ಅಲ್ಲ. ಪಕ್ಕದ ಸ್ಟ್ಯಾಂಡ್ ಮೇಲೆ, ಇಲ್ಲವೇ ಬ್ರಾಕೆಟ್ ಮೇಲೆ. ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಫ್ಲಾಶ್ ಹೇಗೆ ಹೊಡೆಯುತ್ತದೆ ಅಂತ ತಿಳಿದಿರಬೇಕು.

ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ 6 ವೋಲ್ಟ್. ಒಳಗಿನ ಸರ್ಕ್ಯೂಟ್ ಅದನ್ನು 300-330 ವೋಲ್ಟ್‌ಗೆ ಏರಿಸಿ ದೊಡ್ಡ ಕೆಪ್ಯಾಸಿಟರ್‌ಗೆ ತುಂಬುತ್ತದೆ. ಆನ್ ಮಾಡಿದಾಗ ಕುಂಯ್ ಅಂತ ಕೇಳುವ ಶಬ್ದ ಅದರದೇ. ಆದರೆ ಇಷ್ಟಕ್ಕೇ ಟ್ಯೂಬ್ ಬೆಳಗುವುದಿಲ್ಲ. ಟ್ಯೂಬಿನೊಳಗೆ ಝೆನಾನ್ ಗ್ಯಾಸ್ ಇರುತ್ತದೆ, ಅದಕ್ಕೊಂದು ಕಿಡಿ ಬೇಕು. ಆ ಕಿಡಿಗಾಗಿ ಇನ್ನೊಂದು ಪುಟ್ಟ ಕೆಪ್ಯಾಸಿಟರ್ ಮತ್ತು ಒಂದು ಟ್ರಿಗ್ಗರ್ ಕಾಯಿಲ್ ಇರುತ್ತವೆ. ಪುಟ್ಟ ಕೆಪ್ಯಾಸಿಟರ್ ಕಾಯಿಲ್ ಮೂಲಕ ಒಮ್ಮೆಲೇ ಖಾಲಿಯಾದರೆ ಟ್ಯೂಬಿಗೆ ಕೆಲವು ಸಾವಿರ ವೋಲ್ಟ್ ಹೊಡೆತ ಬೀಳುತ್ತದೆ. ಆಗ ಬೆಳಕು.

ಆ ಪುಟ್ಟ ಕೆಪ್ಯಾಸಿಟರನ್ನು ಖಾಲಿ ಮಾಡಿಸುವ ಸ್ವಿಚ್ ಎಲ್ಲಿದೆ? ತುಂಬ ಹಳೆಯ ಫ್ಲಾಶ್‌ಗಳಲ್ಲಿ ಕ್ಯಾಮೆರಾವೇ ಆ ಸ್ವಿಚ್. ಅಂದರೆ ಅಲ್ಲಿನ ಇನ್ನೂರು-ಮುನ್ನೂರು ವೋಲ್ಟ್ ನೇರವಾಗಿ ಫ್ಲಾಶ್‌ನ ಕಾಲಿಗೆ, ಅಲ್ಲಿಂದ ಆ ಕಾಲು ಕೂರುವ ಕ್ಯಾಮೆರಾ ಮೇಲಿನ ಜಾಗಕ್ಕೆ, ಅಂದರೆ ಹಾಟ್ ಶೂಗೆ ಬರುತ್ತದೆ. ಅಪ್ಪನ ಕ್ಯಾಮೆರಾದಲ್ಲಿ ಇದರಿಂದ ತೊಂದರೆ ಇರಲಿಲ್ಲ. ಶಟರ್ ತೆರೆದಾಗ ಎರಡು ಲೋಹದ ಪಟ್ಟಿಗಳು ಒಂದಕ್ಕೊಂದು ತಾಗುತ್ತಿದ್ದವು, ಅಷ್ಟೇ. ಈಗಿನ ಕ್ಯಾಮೆರಾದಲ್ಲಿ ಆ ಕೆಲಸ ಒಂದು ಸಣ್ಣ ಸೆಮಿಕಂಡಕ್ಟರ್‌ನದು. ಅದಕ್ಕೆ ತಡೆಯುವ ಮಿತಿ ಇದೆ.

ಮಿತಿ ಎಷ್ಟು ಅನ್ನುವುದು ಕಂಪನಿಗೊಂದು ಥರ. ಐಎಸ್‌ಒ 10330 ಅನ್ನುವ 1992ರ ಮಾನದಂಡ ಇಟ್ಟುಕೊಂಡ ಅಂಕಿ 24 ವೋಲ್ಟ್. ನಿಕಾನ್ ಕ್ಯಾಮೆರಾ ಜೊತೆ ಕೊಡುವ ಪುಸ್ತಕಗಳಲ್ಲಿ 250 ವೋಲ್ಟ್ ದಾಟಬಾರದು, ಪ್ಲಸ್-ಮೈನಸ್ ತಿರುಗುಮುರುಗು ಇರಬಾರದು ಎನ್ನುತ್ತದೆ. ಫ್ಯೂಜಿ ತನ್ನ ಎಕ್ಸ್ ಸರಣಿಗೆ 300 ಎನ್ನುತ್ತದೆ. "ನಂದು ನಿಕಾನ್, ಹಾಗಾದ್ರೆ ಹೆದರಿಕೆ ಇಲ್ಲ ಅಲ್ವಾ" ಅಂತ ಹುಡುಗರು ಕೇಳುತ್ತಾರೆ. ಕ್ಯಾಮೆರಾದ ಪುಸ್ತಕ ತೆಗೆದು ನೋಡಿ. ಪುಸ್ತಕದಲ್ಲಿ ಅಂಕಿ ಇಲ್ಲದಿದ್ದರೆ 24ನ್ನೇ ಗಡಿ ಅಂದುಕೊಳ್ಳಿ. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತು-ಹನ್ನೆರಡು ವೋಲ್ಟ್ ದಾಟಿದ ಯಾವ ಫ್ಲಾಶನ್ನೂ ನಾನು ಗಿರಾಕಿಯ ಕ್ಯಾಮೆರಾಕ್ಕೆ ಹಾಕುವುದಿಲ್ಲ. 250ರ ಮಿತಿಯ ಕ್ಯಾಮೆರಾಕ್ಕೆ 230 ವೋಲ್ಟ್‌ನ ಫ್ಲಾಶ್ ಹಾಕಿ ಇಡೀ ಮದುವೆ ಹೊಡೆಯುವುದು ಧೈರ್ಯದ ಕೆಲಸ ಅಲ್ಲ, ಬೇಡದ ಕೆಲಸ.

ಹೆಸರು ನೋಡಿ ವೋಲ್ಟೇಜ್ ಹೇಳುವ ಹಾಗಿಲ್ಲ. ವಿವಿಟಾರ್ 283ನ್ನೇ ತಗೊಳ್ಳಿ. ಮೊದಮೊದಲು ಜಪಾನಿನಲ್ಲಿ ತಯಾರಾದವುಗಳಲ್ಲಿ ಇನ್ನೂರು ವೋಲ್ಟ್ ದಾಟುವುದು ಮಾಮೂಲು. ಆಮೇಲೆ ಬಂದವುಗಳಲ್ಲಿ ಹತ್ತರ ಆಸುಪಾಸು. ನೋಡಲು ಎರಡೂ ಅವಳಿ-ಜವಳಿ. ಮೆಟ್ಜ್ 45ರಲ್ಲೂ ಹೀಗೇ. ಹಳೆಯ ಸಿಟಿ-1ಗಳಲ್ಲಿ ಜಾಸ್ತಿ, ನಂತರದ ಸಿಎಲ್-4ರಲ್ಲಿ ಕಡಿಮೆ. ನಿಕಾನ್ ಎಸ್‌ಬಿ ಸಾಲಿನ 24, 28 ಅಥವಾ ಕ್ಯಾನನ್ 540 ಇಝಡ್ ಸಿಕ್ಕಿದರೆ ಈ ಹೆದರಿಕೆ ಇಲ್ಲ, ಅವು ಕಡಿಮೆ ವೋಲ್ಟೇಜಿನವು. ಉಳಿದದ್ದನ್ನೆಲ್ಲ ಅಳೆಯಲೇಬೇಕು.

ಅಳೆಯುವುದು ಕಷ್ಟ ಅಲ್ಲ. ಒಳ್ಳೆಯ ಹೊಸ ಸೆಲ್ ಹಾಕಿ, ಫ್ಲಾಶ್ ಆನ್ ಮಾಡಿ, ರೆಡಿ ಲೈಟ್ ಬಂದ ಮೇಲೂ ಅರ್ಧ ನಿಮಿಷ ಬಿಡಿ. ಮಲ್ಟಿಮೀಟರನ್ನು ಡಿಸಿ 600 ಅಥವಾ 1000 ವೋಲ್ಟ್‌ಗೆ ಇಡಿ. ಕೆಂಪು ಕಡ್ಡಿ ಕಾಲಿನ ಅಡಿಯ ನಡುವಿನ ಚುಕ್ಕೆಗೆ, ಕಪ್ಪು ಕಡ್ಡಿ ಕಾಲಿನ ಪಕ್ಕದಲ್ಲಿ ಶೂಗೆ ಉಜ್ಜುವ ಲೋಹದ ಪಟ್ಟಿಗೆ. ಎರಡು ಕಡ್ಡಿ ಒಂದಕ್ಕೊಂದು ತಾಗಿದರೆ ಫ್ಲಾಶ್ ಹೊಡೆಯುತ್ತದೆ. ಅದಕ್ಕೆ ಟ್ಯೂಬಿನ ಮುಂದೆ ಮುಖ ಇಟ್ಟುಕೊಂಡು ಅಳೆಯಬೇಡಿ. ಅಂಕಿಯ ಮುಂದೆ ಮೈನಸ್ ಬಂದರೆ ಫ್ಲಾಶ್‌ನ ಪ್ಲಸ್-ಮೈನಸ್ ತಿರುಗಿದೆ ಅಂತ ಅರ್ಥ. ಅಂಕಿ ಎಷ್ಟೇ ಕಡಿಮೆ ಇರಲಿ, ಕ್ಯಾಮೆರಾದ ಹತ್ತಿರ ತರಬೇಡಿ.

ಇಲ್ಲಿ ಒಂದು ಮೋಸ ಇದೆ. ಟ್ರಿಗ್ಗರ್ ಸರ್ಕ್ಯೂಟ್‌ನಲ್ಲಿ ಹರಿಯುವ ಕರೆಂಟ್ ಬಹಳ ಕಡಿಮೆ. ಮೀಟರ್ ತಾನೇ ಅದರಲ್ಲಿ ಒಂದಷ್ಟು ಎಳೆದುಕೊಂಡರೆ ವೋಲ್ಟೇಜ್ ಕುಸಿದು ಕಾಣುತ್ತದೆ. ಮುಳ್ಳಿನ ಮೀಟರ್‌ಗಳಲ್ಲಿ ಇದು ತೀರಾ ಜಾಸ್ತಿ. ಅಗ್ಗದ ಹಳದಿ ಡಿಜಿಟಲ್ ಮೀಟರ್‌ಗಳಲ್ಲೂ ಬಹಳಷ್ಟರ ಒಳಗಿನ ರೆಸಿಸ್ಟೆನ್ಸ್ ಬರೀ 1 ಮೆಗಾಓಮ್, ಅವೂ ನಂಬಿಕೆಗೆ ಸಾಲವು. 10 ಮೆಗಾಓಮ್‌ನ ಮೀಟರ್ ಬೇಕು. ಅದರಲ್ಲೂ ನಿಜವಾದ ವೋಲ್ಟೇಜ್ ಸ್ವಲ್ಪ ಜಾಸ್ತಿಯೇ ಇರುತ್ತದೆ ಅಂತ ಲೆಕ್ಕ ಹಿಡಿಯಿರಿ. ಯಾರದೋ ಮೀಟರ್‌ನಲ್ಲಿ 60 ತೋರಿಸಿದ ಫ್ಲಾಶ್ ನನ್ನ ಟೇಬಲ್ ಮೇಲೆ 180 ತೋರಿಸಿದರೆ ನನಗೆ ಆಶ್ಚರ್ಯ ಆಗುವುದಿಲ್ಲ.

"ಹೋದ ವಾರ ಹಾಕಿ ನೋಡಿದೆ ಅಣ್ಣಾ, ಏನೂ ಆಗ್ಲಿಲ್ಲ" ಅನ್ನುವವರಿದ್ದಾರೆ. ಆಗದೇ ಇರಬಹುದು. ಫ್ಲಾಶ್ ಹೊಡೆಸುವ ಆ ಸೆಮಿಕಂಡಕ್ಟರ್, ಅಂದರೆ ಸಿಂಕ್ ಭಾಗ, ಮೊದಲ ಸಲಕ್ಕೇ ಹೋಗಬೇಕು ಅಂತೇನಿಲ್ಲ. ಹೋದಾಗ ಕ್ಯಾಮೆರಾ ಉಳಿದೆಲ್ಲ ಕೆಲಸ ಮಾಡುತ್ತದೆ. ಫೋಟೋ ಬರುತ್ತದೆ, ವಿಡಿಯೋ ಬರುತ್ತದೆ. ಶೂ ಮೇಲೆ ಯಾವ ಫ್ಲಾಶ್ ಕೂರಿಸಿದರೂ ಹೊಡೆಯುವುದಿಲ್ಲ, ಅಷ್ಟೇ. ಇಲ್ಲವೇ ಸುಮ್ನೆ ಇಟ್ಟರೂ ತನ್ನಷ್ಟಕ್ಕೆ ಹೊಡೆಯುತ್ತಿರುತ್ತದೆ. ಆ ಬೋರ್ಡ್ ಬದಲಿಸುವ ಖರ್ಚಿನಲ್ಲಿ ಒಂದು ಒಳ್ಳೆ ಹೊಸ ಫ್ಲಾಶೇ ಬರುತ್ತದೆ.

ಇದಕ್ಕೆಲ್ಲ ಒಳ್ಳೆಯ ಉಪಾಯ, ವೈರಿಲ್ಲದೆ ಫ್ಲಾಶ್ ಹೊಡೆಸುವ ರೇಡಿಯೋ ಟ್ರಿಗ್ಗರ್. ಟ್ರಾನ್ಸ್‌ಮಿಟರ್ ಕ್ಯಾಮೆರಾ ಮೇಲೆ, ರಿಸೀವರ್ ಫ್ಲಾಶ್‌ನ ಕಾಲಡಿ. ಎರಡರ ನಡುವೆ ವೈರೇ ಇಲ್ಲ. ಮುನ್ನೂರು ವೋಲ್ಟ್ ಇದ್ದರೂ ಅದು ಕ್ಯಾಮೆರಾದ ತನಕ ಬರುವ ದಾರಿಯೇ ಇಲ್ಲ. ಕೊಳ್ಳುವಾಗ ರಿಸೀವರ್ ಎಷ್ಟು ವೋಲ್ಟ್ ತಡೆಯುತ್ತದೆ ಅಂತ ಅದರ ಚೀಟಿಯಲ್ಲಿ ಓದಿ. ಕೆಲವು 12 ವೋಲ್ಟ್‌ಗೇ ನಿಲ್ಲುತ್ತವೆ, ಕೆಲವು 300ರ ತನಕ ತಡೆಯುತ್ತವೆ. ಬೆಳಕು ನೋಡಿ ಹೊಡೆಯುವ ಸ್ಲೇವ್ ಕಣ್ಣೂ ಸಿಗುತ್ತದೆ. ಮದುವೆ ಮನೆಗೆ ಅದು ಬೇಡ. ಛತ್ರದಲ್ಲಿ ನಿಮ್ಮ ಜೊತೆ ಇನ್ನಿಬ್ಬರು ಫೋಟೋಗ್ರಾಫರ್ ಇರುತ್ತಾರೆ, ಅವರು ಹೊಡೆದಾಗಲೆಲ್ಲ ನಿಮ್ಮದೂ ಹೊಡೆಯುತ್ತದೆ. ತಾಳಿ ಕಟ್ಟುವ ಹೊತ್ತಿಗೆ ಚಾರ್ಜ್ ಇರುವುದಿಲ್ಲ.

ಫ್ಲಾಶನ್ನು ಕ್ಯಾಮೆರಾದಿಂದ ಇಳಿಸಿದ್ದು ಬರೀ ಕ್ಯಾಮೆರಾ ಉಳಿಸಿಕೊಳ್ಳಲು ಅಂದುಕೊಳ್ಳಬೇಡಿ. ಬೆಳಕು ಚೆನ್ನಾಗುವುದೂ ಅದರಿಂದಲೇ. ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆಯಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಯುವವರನ್ನು ನೋಡಿ. ಕ್ಯಾಮೆರಾ ಮೇಲಿನ ಫ್ಲಾಶ್ ಹಿಂದಿನ ಗಾಜಿಗೆ ಬಡಿದು ನೇರ ಲೆನ್ಸಿಗೇ ವಾಪಸ್ ಬರುತ್ತದೆ, ಜೋಡಿಯ ತಲೆ ಹಿಂದೆ ಬಿಳಿ ಚುಕ್ಕೆ. ಅದೇ ಫ್ಲಾಶನ್ನು ಪಕ್ಕಕ್ಕೆ, ಓರೆಯಾಗಿ, ತಲೆಗಿಂತ ಮೇಲೆ ಇಡಿ. ಗಾಜಿಗೆ ಬಿದ್ದ ಬೆಳಕು ಬೇರೆ ಕಡೆ ಹೋಗುತ್ತದೆ, ಮುಖಕ್ಕೆ ಒಂದು ಬದಿಯಿಂದ ತುಂಬಿದ ಬೆಳಕು ಸಿಗುತ್ತದೆ.

ಹಳೆಯದು ಅಂತ ಇದರ ಶಕ್ತಿ ಕಡಿಮೆ ಅಲ್ಲ. ವಿವಿಟಾರ್ 283ರ ಗೈಡ್ ನಂಬರ್, ಅಂದರೆ ಫ್ಲಾಶ್‌ನ ಶಕ್ತಿಯ ಅಳತೆ, ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 100ಕ್ಕೆ ಸುಮಾರು 36 ಮೀಟರ್. ಅದನ್ನು ಫ್ಲಾಶ್‌ನಿಂದ ಇರುವ ದೂರದಿಂದ ಭಾಗಿಸಿದರೆ ಅಪರ್ಚರ್, ಅಂದರೆ ಲೆನ್ಸ್ ಎಷ್ಟು ತೆರೆದಿರಬೇಕು ಅನ್ನುವ ಅಂಕಿ, ಸಿಗುತ್ತದೆ. ಜೋಡಿ ನಾಲ್ಕೂವರೆ ಮೀಟರ್ ದೂರದಲ್ಲಿದ್ದರೆ 36ನ್ನು 4.5ರಿಂದ ಭಾಗಿಸಿ, ಎಫ್ 8. ಐಎಸ್‌ಒ 400 ಮಾಡಿದರೆ ಗೈಡ್ ನಂಬರ್ ಎರಡು ಪಟ್ಟು. ಬಿಳಿ ಛತ್ರಿ ಅಡ್ಡ ಹಿಡಿದರೆ ಒಂದೂವರೆ-ಎರಡು ಸ್ಟಾಪ್ ಹೋಗುತ್ತದೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ), ಅಷ್ಟು ಅಪರ್ಚರ್ ತೆರೆಯಿರಿ. ವಿವಿಟಾರ್ 285ರಲ್ಲಿ ಪವರ್ ಅರ್ಧ, ಕಾಲು, ಹದಿನಾರನೇ ಒಂದು ಭಾಗ ಅಂತ ಇಳಿಸಬಹುದು. 283ರಲ್ಲಿ ಅದಕ್ಕೆ ಬೇರೆ ಬಿಡಿಭಾಗ ಬೇಕಿತ್ತು, ಈಗ ಸಿಗುವುದು ಕಷ್ಟ. ಅದಕ್ಕೆ ಸ್ಟ್ಯಾಂಡನ್ನೇ ಹಿಂದೆ ಸರಿಸಿ. ಎರಡು ಮೀಟರ್‌ನಿಂದ ನಾಲ್ಕಕ್ಕೆ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಕ್ಯಾಮೆರಾ ಮ್ಯಾನುವಲ್‌ನಲ್ಲಿರಲಿ, ಶಟರ್ 1/160. ತೀರಾ ವೇಗದ ಶಟರ್‌ಗೂ ಹೊಂದಿಕೊಂಡು ಹೊಡೆಯುವ ಹೈ ಸ್ಪೀಡ್ ಸಿಂಕ್ ಇದರಲ್ಲಿಲ್ಲ. 1/250 ದಾಟಿದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಫೋಟೋದ ಒಂದು ಪಟ್ಟಿ ಕಪ್ಪಾಗುತ್ತದೆ.

ಲೆನ್ಸ್ ಮೂಲಕ ಬಂದ ಬೆಳಕು ಅಳೆದು ಕ್ಯಾಮೆರಾವೇ ಫ್ಲಾಶ್ ಹತೋಟಿ ಮಾಡುವ ಟಿಟಿಎಲ್ ಮರೆತುಬಿಡಿ. ಆಗಿನ ಟಿಟಿಎಲ್ ಫಿಲ್ಮಿನ ಮೇಲೆ ಬಿದ್ದು ಹಿಂದಿರುಗುವ ಬೆಳಕನ್ನು ಫೋಟೋ ತೆಗೆಯುತ್ತಿರುವಾಗಲೇ ಅಳೆಯುತ್ತಿತ್ತು. ಸೆನ್ಸರ್ ಫಿಲ್ಮಿನ ಹಾಗೆ ಬೆಳಕು ಹಿಂದೆ ಕಳಿಸುವುದಿಲ್ಲ. ಅದಕ್ಕೆ ಡಿಜಿಟಲ್‌ನಲ್ಲಿ ಮೊದಲೊಂದು ಸಣ್ಣ ಪ್ರೀ-ಫ್ಲಾಶ್ ಹೊಡೆದು ಲೆಕ್ಕ ಹಾಕುವ ಪದ್ಧತಿ ಬಂತು. ಹಳೆ ಫ್ಲಾಶ್‌ಗೆ ಆ ಭಾಷೆ ಬರುವುದಿಲ್ಲ. ನಿಕಾನ್ ಎಸ್‌ಬಿ 28ನ್ನು ಡಿಜಿಟಲ್ ನಿಕಾನ್ ಮೇಲೆ ಟಿಟಿಎಲ್‌ಗೆ ಇಟ್ಟರೆ ಶಟರೇ ಲಾಕ್ ಆಗುತ್ತದೆ. ಅದನ್ನು ಎ (ಆಟೋ) ಅಥವಾ ಎಮ್‌ಗೆ (ಮ್ಯಾನುವಲ್) ತಿರುಗಿಸಿ, ಕೆಲಸ ಮಾಡುತ್ತದೆ.

ಆ "ಎ" ಬಗ್ಗೆ ಹೇಳಲೇಬೇಕು. ಈಗಿನ ಹುಡುಗರಿಗೆ ಅದರ ಬೆಲೆ ಗೊತ್ತಿಲ್ಲ ಅನ್ನುವುದು ನನ್ನ ಬೇಸರ. ಹಳೆ ಆಟೋ ಫ್ಲಾಶ್‌ನ ಮುಂಭಾಗದಲ್ಲಿ ಒಂದು ಸಣ್ಣ ಕಣ್ಣಿರುತ್ತದೆ. ಎದುರಿನವರ ಮೇಲೆ ಬಿದ್ದು ಬಂದ ಬೆಳಕು ಸಾಕು ಅನಿಸಿದ ಕೂಡಲೇ ಅದು ಟ್ಯೂಬನ್ನು ಆರಿಸುತ್ತದೆ. ಥೈರಿಸ್ಟರ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಫ್ಲಾಶ್ ಆದರೆ ಉಳಿದ ಚಾರ್ಜ್ ಕೆಪ್ಯಾಸಿಟರ್‌ನಲ್ಲೇ ಉಳಿಯುತ್ತದೆ, ಮುಂದಿನ ಫೋಟೋಗೆ ಬೇಗ ಸಿದ್ಧ. ಇದರಲ್ಲಿ ಕ್ಯಾಮೆರಾದ ಪಾತ್ರವೇ ಇಲ್ಲ. ಡಯಲ್‌ನಲ್ಲಿ ಐಎಸ್‌ಒ ಇಡಿ, ಹಳದಿಯೋ ಕೆಂಪೋ ಒಂದು ಬಣ್ಣ ಆರಿಸಿ, ಅದು ಹೇಳಿದ ಅಪರ್ಚರ್ ಕ್ಯಾಮೆರಾದಲ್ಲಿ ಇಡಿ. ಆ ಬಣ್ಣಕ್ಕೆ ಬರೆದ ದೂರದೊಳಗೆ ಜನ ಹತ್ತಿರ ಬರಲಿ, ದೂರ ಹೋಗಲಿ, ಬೆಳಕು ಸರಿಯಾಗಿರುತ್ತದೆ. 283ರಲ್ಲಿ ತಲೆ ಮೇಲಕ್ಕೆ ತಿರುಗಿಸಿದರೂ ಕಣ್ಣು ಮುಂದಕ್ಕೇ ನೋಡುತ್ತದೆ. ಹಾಗಾಗಿ ಕಲ್ಯಾಣ ಮಂಟಪದ ಚಾವಣಿ ಬಿಳಿಯಾಗಿ, ತೀರಾ ಎತ್ತರ ಇಲ್ಲದೆ ಇದ್ದರೆ ಬೆಳಕನ್ನು ಚಾವಣಿಗೆ ಹೊಡೆದು ಕೆಳಕ್ಕೆ ಬೀಳಿಸುವ ಬೌನ್ಸ್ ಕೂಡ ಆಟೋದಲ್ಲೇ ಆಗುತ್ತದೆ. ಕ್ಯಾಮೆರಾ ಪಕ್ಕಕ್ಕೆ ಒಂದು ಎಲ್ ಬ್ರಾಕೆಟ್, ಅದರ ಮೇಲೆ ರಿಸೀವರ್, ಅದರ ಮೇಲೆ ಫ್ಲಾಶ್. ಅಪ್ಪ ಹಿಡಿದುಕೊಂಡು ಓಡಾಡಿದ ಹಾಗೆಯೇ, ನಡುವೆ ರೇಡಿಯೋ ಒಂದು ಹೊಸದು.

ಈ ಕಣ್ಣಿಗೂ ಒಂದು ದೌರ್ಬಲ್ಯ ಇದೆ. ಎದುರಿಗೆ ಬಿಳಿ ಪಂಚೆ, ಬಿಳಿ ಶರ್ಟಿನ ಹಿರಿಯರು ಸಾಲಾಗಿ ನಿಂತರೆ ಬೇಗ ಸಾಕು ಅಂದುಬಿಡುತ್ತದೆ, ಫೋಟೋ ಕಪ್ಪಾಗುತ್ತದೆ. ಅಪರ್ಚರ್ ಅರ್ಧದಿಂದ ಒಂದು ಸ್ಟಾಪ್ ತೆರೆಯಿರಿ. ರಾತ್ರಿ ದುಗ್ಗಮ್ಮನ ಜಾತ್ರೆಯಂಥ ಕಡೆ ಹಿಂದೆ ಬರೀ ಕತ್ತಲಿದ್ದರೆ ಉಲ್ಟಾ, ಮುಖ ಸುಟ್ಟ ಹಾಗೆ ಬಿಳಿಯಾಗುತ್ತದೆ. ಆಗ ಅಪರ್ಚರನ್ನು ಅಷ್ಟೇ ಸ್ಟಾಪ್ ಮುಚ್ಚಿ.

ಟ್ರಿಗ್ಗರ್ ಕೊಳ್ಳುವ ಮುಂಚೆ ನೋಡಬೇಕಾದ್ದು ಇನ್ನೊಂದಿದೆ. ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇಂಥ ಕ್ಯಾಮೆರಾ ಬಾಡಿಗಳ ಶೂನಲ್ಲಿ ನಡುವಿನ ಪಿನ್ನೇ ಇರುವುದಿಲ್ಲ. ಹಳೆ ಫ್ಲಾಶ್ ಇರಲಿ, ಒಂದೇ ಪಿನ್ನಿನ ಅಗ್ಗದ ಟ್ರಿಗ್ಗರ್ ಕೂಡ ಹೊಡೆಯುವುದಿಲ್ಲ. ನಿಮ್ಮ ಬಾಡಿಯ ಶೂ ನಡುವೆ ದುಂಡನೆಯ ಲೋಹದ ಚುಕ್ಕೆ ಇದೆಯಾ ಅಂತ ಕಣ್ಣಾರೆ ನೋಡಿ. ಮಿರರ್‌ಲೆಸ್‌ನಲ್ಲಾದರೆ ಸೈಲೆಂಟ್ ಶಟರ್ ಆಫ್ ಮಾಡಿ, ಬಹುಪಾಲು ಕ್ಯಾಮೆರಾಗಳು ಅದರಲ್ಲಿ ಫ್ಲಾಶ್ ಹೊಡೆಸುವುದಿಲ್ಲ. ವ್ಯೂಫೈಂಡರ್ ಕಪ್ಪಾಗಿ ಕಂಡರೆ ಎಕ್ಸ್‌ಪೋಶರ್ ಪ್ರಿವ್ಯೂ ಆಫ್ ಮಾಡಬೇಕು.

ಕೊನೆಗೆ ಫ್ಲಾಶ್‌ನದೇ ಆರೋಗ್ಯ. ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದದ್ದನ್ನು ಹೊರತೆಗೆದು ನೇರ ಫುಲ್ ಪವರ್‌ನಲ್ಲಿ ಹೊಡೆಯಬೇಡಿ. ವರ್ಷಗಟ್ಟಲೆ ನಿಂತ ಬೈಕನ್ನು ಕಿಕ್ ಹೊಡೆದ ಕೂಡಲೇ ಹೈವೇಗೆ ಒಯ್ಯುವುದಿಲ್ಲವಲ್ಲ, ಹಾಗೆ. ಕೆಪ್ಯಾಸಿಟರ್ ಒಳಗಿನ ಆಕ್ಸೈಡ್ ಪದರ ಬಳಕೆ ಇಲ್ಲದೆ ತೆಳುವಾಗಿರುತ್ತದೆ. ಆನ್ ಮಾಡಿ, ರೆಡಿ ಲೈಟ್ ಬರಲಿ, ಹೊಡೆಯದೆ ಆಫ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಗೇ ಮಾಡಿ. ಕೆಲವು ಸಲ ಆದ ಮೇಲೆ ಹೊಡೆಯಿರಿ. ರೆಡಿ ಲೈಟ್ ಬರಲು ತುಂಬ ಹೊತ್ತು ಹಿಡಿದರೆ, ಬಿಸಿಯಾದರೆ, ವಾಸನೆ ಬಂದರೆ ಆಫ್ ಮಾಡಿ ಸೆಲ್ ತೆಗೆಯಿರಿ.

ಮನೆಯಲ್ಲಿ ಬಿಚ್ಚಲೇಬೇಡಿ. 1000 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ 330 ವೋಲ್ಟ್‌ನಲ್ಲಿ 54 ಜೂಲ್ ಹಿಡಿದಿರುತ್ತದೆ. ಸೆಲ್ ತೆಗೆದು ಎಷ್ಟೋ ಹೊತ್ತಾದ ಮೇಲೂ ಅದು ಅಲ್ಲೇ ಇರಬಹುದು. ಎರಡು ಕೈಗೂ ತಾಗಿದರೆ ಜೀವಕ್ಕೇ ಅಪಾಯ. ನಾವು ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಒಳಗೆ ಬೆರಳು ಇಡುವುದು.

ಸೆಲ್ ವಿಷಯಕ್ಕೆ ಬಂದರೆ, ಚಾರ್ಜ್ ಮಾಡುವ ನಿಕಲ್ ಸೆಲ್‌ಗಳೇ ಒಳ್ಳೆಯವು, ಫ್ಲಾಶ್ ಬೇಗ ರೆಡಿಯಾಗುತ್ತದೆ. ಬೇಗ ರೆಡಿಯಾಗುತ್ತದೆ ಅಂತ ಒಂದೇ ಸಮನೆ ಫುಲ್ ಪವರ್‌ನಲ್ಲಿ ಹೊಡೆಯುತ್ತಾ ಹೋದರೆ ಮುಂದಿನ ಪ್ಲಾಸ್ಟಿಕ್ ಕರಗುತ್ತದೆ. ಹತ್ತಿಪ್ಪತ್ತು ಫೋಟೋಗೊಮ್ಮೆ ಬಿಡುವು ಕೊಡಿ. ಸೀಸನ್ ಮುಗಿದ ಮೇಲೆ ಸೆಲ್ ಹೊರಗೆ ತೆಗೆದಿಡಿ. ಆಲ್ಕಲೈನ್ ಸೆಲ್ ಸೋರಿ ಒಳಗೆ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಗೆ ಒಂದೆರಡು ಹನಿ ನಿಂಬೆರಸ ಹಾಕಿ ಒರೆಸಿ, ಒದ್ದೆ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಸ್ಪ್ರಿಂಗೇ ತುಕ್ಕು ಹಿಡಿದು ಮುರಿದಿದ್ದರೆ ತನ್ನಿ, ಅದನ್ನು ಬದಲಿಸುವುದು ಸಣ್ಣ ಕೆಲಸ.