ಸಿಕಲ್ ಸೆಲ್ ಟ್ರೇಟ್ ಇದ್ದರೆ ಮಲೇರಿಯಾ ಬರೋದಿಲ್ಲವೇ?

ಪ್ರಶ್ನೆ: ನನಗೀಗ ಐದು ತಿಂಗಳು. ರಕ್ತ ಪರೀಕ್ಷೆಯಲ್ಲಿ ಸಿಕಲ್ ಸೆಲ್ ಟ್ರೇಟ್ ಅಂತ ಬಂದಿದೆ. ಅಂಥವರಿಗೆ ಮಲೇರಿಯಾ ಬರೋದೇ ಇಲ್ಲವಂತೆ, ಹೌದಾ? ಸೊಳ್ಳೆಪರದೆಯೊಳಗೆ ಸೆಕೆ ತಡೆಯಲಾಗುತ್ತಿಲ್ಲ.
– ಓದುಗರೊಬ್ಬರು, ಸಿಂಧನೂರು

ಉತ್ತರ: ಬರುತ್ತದೆ. ಪರದೆ ಬಿಚ್ಚಬೇಡಿ.

ಇಷ್ಟನ್ನೇ ಎಷ್ಟೋ ಸಲ ಹೇಳಿದ್ದೇನೆ, ಆದರೂ ಪ್ರಶ್ನೆ ನಿಂತಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಟ್ರೇಟ್ ಅಂದರೆ ಕಾಯಿಲೆ ಅಲ್ಲ. ಸಿಕಲ್ ಸೆಲ್ ಕಾಯಿಲೆಯಲ್ಲಿ ರಕ್ತಕಣಗಳು ಕುಡುಗೋಲಿನ ಹಾಗೆ ಸೊಟ್ಟಗಾಗುತ್ತವೆ. ಅಪ್ಪ ಅಮ್ಮ ಇಬ್ಬರಿಂದಲೂ ಅದರ ಜೀನ್ ಬಂದರೆ ಕಾಯಿಲೆ. ನಿಮಗೆ ಒಬ್ಬರಿಂದ ಮಾತ್ರ ಬಂದಿದೆ, ಅಷ್ಟೇ. ರಕ್ತ ಕಡಿಮೆ ಇದ್ದರೆ ತಪ್ಪನ್ನು ಟ್ರೇಟ್ ಮೇಲೆ ಹಾಕಿ ಕಬ್ಬಿಣದ ಮಾತ್ರೆ ಬಿಡಬೇಡಿ.

ಇನ್ನು ಆ ನಂಬಿಕೆ. ಅದು ಪೂರ್ತಿ ಸುಳ್ಳಲ್ಲ, ಅದಕ್ಕೇ ಸಾಯುತ್ತಿಲ್ಲ. ಟ್ರೇಟ್ ಮಲೇರಿಯಾದಿಂದ ರಕ್ಷಿಸುತ್ತದೆ ಅಂತ 1954ರಲ್ಲಿ ಆಂಟನಿ ಆಲಿಸನ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ಆಮೇಲಿನ ಅಧ್ಯಯನಗಳ ಪ್ರಕಾರ ಪುಟ್ಟ ಮಕ್ಕಳಲ್ಲಿ ಫಾಲ್ಸಿಪಾರಂ ಎಂಬ ಜಾತಿಯ ಕ್ರಿಮಿಯಿಂದ ಬರುವ ತೀವ್ರ ಮಲೇರಿಯಾ ಇದರಿಂದ ಸುಮಾರು 90% ಕಡಿಮೆಯಾಗುತ್ತದೆ. ಕ್ರಿಮಿ ಹೊಕ್ಕ ರಕ್ತಕಣ ಬೇಗ ಸೊಟ್ಟಗಾಗುತ್ತದೆ, ಗುಲ್ಮ (ಸ್ಪ್ಲೀನ್) ಅದನ್ನು ಹಿಡಿದು ಹಾಕುತ್ತದೆ. ಕ್ರಿಮಿ ಬೆಳೆಯುವುದೂ ನಿಧಾನವಾಗುತ್ತದೆ. ಆದರೆ ಸುದ್ದಿ ಆಫ್ರಿಕಾದಿಂದ ಸಿಂಧನೂರಿಗೆ ಬರುವಷ್ಟರಲ್ಲಿ ಪುಟ್ಟ ಮಕ್ಕಳು, ತೀವ್ರ, ಫಾಲ್ಸಿಪಾರಂ ಮೂರೂ ಉದುರಿಹೋದವು!

ನೀವು ಪುಟ್ಟ ಮಗುವಲ್ಲ. ತೀವ್ರ ಆಗುವುದು ಕಡಿಮೆ ಅಂದ ಮಾತ್ರಕ್ಕೆ ಜ್ವರವೇ ಬರೋದಿಲ್ಲ ಅಂತಲ್ಲ. ಹೆಲ್ಮೆಟ್ ಹಾಕಿದವರೂ ಬೈಕ್‌ನಿಂದ ಬೀಳುತ್ತಾರೆ. ನಮ್ಮ ದೇಶದಲ್ಲಿ ಫಾಲ್ಸಿಪಾರಂ ಜೊತೆಗೆ ವೈವಾಕ್ಸ್ ಎಂಬ ಇನ್ನೊಂದು ಜಾತಿಯ ಕ್ರಿಮಿಯ ಮಲೇರಿಯಾವೂ ಇದೆ. ಆ 90% ಲೆಕ್ಕ ವೈವಾಕ್ಸ್‌ನದ್ದಲ್ಲ.

ಬಸುರಿಯ ವಿಷಯವಂತೂ ಬೇರೆಯೇ. ಫಾಲ್ಸಿಪಾರಂ ಕ್ರಿಮಿ ಇರುವ ರಕ್ತಕಣಗಳು ಮಾಸಿಗೆ ಹೋಗಿ ಅಂಟಿಕೊಳ್ಳುತ್ತವೆ. ಅಲ್ಲಿ ಅಂಟುವುದಕ್ಕೆಂದೇ ಕ್ರಿಮಿ ಬೇರೆ ಒಂದು ಪ್ರೊಟೀನ್ ಹೊರಹಾಕುತ್ತದೆ. ಮೊದಲ ಬಸಿರಿನಲ್ಲಿ ದೇಹಕ್ಕೆ ಅದರ ಗುರುತೇ ಇರುವುದಿಲ್ಲ. ಹಾಗಾಗಿ ಚೊಚ್ಚಲ ಬಸುರಿಯರಿಗೆ ಅಪಾಯ ಜಾಸ್ತಿ. ತಾಯಿಗೆ ರಕ್ತಹೀನತೆ, ಮಗುವಿಗೆ ತೂಕ ಕಡಿಮೆ, ಗರ್ಭಪಾತವೂ ಆಗಬಹುದು. ಇದೆಲ್ಲವನ್ನೂ ಟ್ರೇಟ್ ತಡೆಯುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ನಿಮ್ಮಲ್ಲಿ ಎಡದಂಡೆ ಕಾಲುವೆ, ಸುತ್ತ ಭತ್ತದ ಗದ್ದೆ. ಸೊಳ್ಳೆಗೆ ಇನ್ನೇನು ಬೇಕು? ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಮಾಸಿನಲ್ಲಿ ಅಡಗಿದ ಕ್ರಿಮಿ ಬೆರಳಿನ ರಕ್ತದಲ್ಲಿ ಸಿಗದೇ ಇರಬಹುದು, ಜ್ವರ ಬಿಡದಿದ್ದರೆ ಮತ್ತೆ ಮಾಡಿಸಿ. ಮನೆಯವರು ಮಂಗಳೂರಿಗೆ ಗುಳೆ ಹೋಗಿ ಜ್ವರ ತಂದುಕೊಂಡಿದ್ದರೆ, ಅವರು ಉಳಿಸಿದ ಮಾತ್ರೆ ನೀವು ನುಂಗಬೇಡಿ. ಅದರಲ್ಲಿ ಪ್ರೈಮಾಕ್ವಿನ್ ಎಂಬ ಮಲೇರಿಯಾ ಔಷಧಿ ಇರಬಹುದು, ಅದನ್ನು ಬಸುರಿಯರಿಗೆ ಕೊಡುವುದಿಲ್ಲ. ಟ್ರೇಟ್ ಇರುವ ಬಸುರಿಯರಿಗೆ ಮೂತ್ರದ ಸೋಂಕು ಸ್ವಲ್ಪ ಜಾಸ್ತಿ, ಆ ಪರೀಕ್ಷೆಯನ್ನೂ ತಪ್ಪಿಸಬೇಡಿ.

ನೀವು ಕೇಳದ ಪ್ರಶ್ನೆಯೊಂದಿದೆ. ನಿಜವಾಗಿ ಅದನ್ನೇ ಕೇಳಬೇಕಿತ್ತು. ನಿಮ್ಮ ಯಜಮಾನರ ಪರೀಕ್ಷೆ ಆಗಿದೆಯಾ? ಅವರಿಗೂ ಟ್ರೇಟ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆಯೇ ಬರುವ ಸಾಧ್ಯತೆ 25%. ಸೋದರಮಾವನನ್ನೇ ಮದುವೆಯಾಗಿದ್ದರೆ ಅವರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು. "ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಲ್ಲ" ಅಂತಾರೆ, ಗೊತ್ತು. ಟ್ರೇಟ್ ಇರುವವರೆಲ್ಲ ಗಟ್ಟಿಮುಟ್ಟಾಗೇ ಇರುತ್ತಾರೆ, ನಿಮ್ಮ ಹಾಗೆ. ನಿಮ್ಮ ರಿಪೋರ್ಟ್ ಹಿಡಿದು ಈ ವಾರವೇ ಅವರನ್ನು ಕರೆದುಕೊಂಡು ಹೋಗಿ. ಇಬ್ಬರಲ್ಲೂ ಇದೆ ಅಂತ ಬಂದರೆ, ಹೆರಿಗೆಯಾದ ತಕ್ಷಣ ಮಗುವಿಗೂ ಪರೀಕ್ಷೆ ಆಗಬೇಕು ಅಂತ ತಾಯಿ ಕಾರ್ಡ್‌ನಲ್ಲಿ ಈಗಲೇ ಬರೆಸಿಡಿ.