ಜಗತ್ತು ಮುಗಿದ ಮೇಲೂ ಕೂಗುವ ಕುಕ್ಕರ್

ಊರಿನಲ್ಲಿ ಒಂದು ನರಪಿಳ್ಳೆ ಉಳಿದಿಲ್ಲ. ನಾಯಕಿ ಒಡೆದ ಕಿಟಕಿಯಿಂದ ಹೊರಗೆ ನೋಡಿ ‘ಎಲ್ಲ ಮುಗೀತು’ ಎನ್ನುತ್ತಾಳೆ. ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಕುಕ್ಕರ್ ಕೂಗುತ್ತದೆ. ಮುಂಬೈಯ ಅಂಧೇರಿಯಲ್ಲಿ ಧ್ವನಿ ಸಂಕಲನ ಮಾಡಿಕೊಂಡಿರುವ ನನ್ನ ಹತ್ತಿರ ಅಗ್ಗದ ಜಾಂಬಿ (ಎದ್ದು ಓಡಾಡುವ ಹೆಣ) ಚಿತ್ರಗಳು ಬರುವುದು ಹೆಚ್ಚುಕಡಿಮೆ ಈ ಸ್ಥಿತಿಯಲ್ಲೇ.

ಇಂಥ ಚಿತ್ರ ನೋಡಿದವರು ಮೊದಲು ಬೈಯುವುದು ಮೇಕಪ್ಪನ್ನು. ಕೆನ್ನೆಗೆ ಅಂಟಿಸಿದ ಟಿಶ್ಯೂ ಕಾಗದ ಎದ್ದು ನಿಂತಿದೆ, ರಕ್ತ ಶರಬತ್ತಿನ ಬಣ್ಣಕ್ಕಿದೆ, ಅದಕ್ಕೆ ಹಾಕಿದ ಸಕ್ಕರೆ ಪಾಕಕ್ಕೆ ಇರುವೆ ಮುತ್ತಿ ‘ಹೆಣ’ ಮಲಗಿದಲ್ಲೇ ತುರಿಸಿಕೊಳ್ಳುತ್ತಿದೆ. ನಾನು ಕಂಡಂತೆ ಪ್ರೇಕ್ಷಕರು ಇದನ್ನೆಲ್ಲ ಬೇಗ ಮನ್ನಿಸುತ್ತಾರೆ. ಯಕ್ಷಗಾನದ ಗದೆ ಮರದ್ದು ಎಂದು ಯಾರಾದರೂ ಎದ್ದು ಹೋದದ್ದುಂಟೆ? ಆದರೆ ಮಾತು ಸರಿಯಾಗಿ ಕೇಳದಿದ್ದರೆ ಹತ್ತು ನಿಮಿಷದಲ್ಲಿ ಫೋನು ತೆಗೆಯುತ್ತಾರೆ. ಯಾಕೆ ಬೇಸರ ಬಂತೆಂದು ಕೇಳಿದರೆ ‘ಮೇಕಪ್ ಸರಿ ಇಲ್ಲ’ ಎಂದೇ ಹೇಳುತ್ತಾರೆ, ಅದು ಬೇರೆ ಮಾತು.

ಕೆಡುವುದು ಎಲ್ಲಿ? ಮೈಕು ಕ್ಯಾಮರಾದ ತಲೆಯ ಮೇಲಿರುತ್ತದೆ, ನಟ ಹತ್ತಡಿ ಆಚೆ. ದೂರ ಎರಡು ಪಟ್ಟಾದಾಗ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿ, ಫ್ಯಾನು, ಬೀದಿಯ ರಿಕ್ಷಾ ಇಳಿಯುವುದಿಲ್ಲ. ಇದಕ್ಕಿಂತ ದೊಡ್ಡ ತಲೆನೋವು ಕಟ್‌ಗಳದು. ಅವನ ಶಾಟ್‌ನಲ್ಲಿ ತಲೆಯ ಮೇಲೆ ವಿಮಾನ ಹೋಗುತ್ತಿದೆ, ಅವಳ ಶಾಟ್‌ನಲ್ಲಿ ಇಲ್ಲ, ಮತ್ತೆ ಅವನಿಗೆ ಬಂದರೆ ಕಾಗೆಗಳ ಸಂತೆ. ಮಾತಿನ ನಡುವೆ ನಗರವೇ ಹಾಜರು, ಗೈರುಹಾಜರು ಆಗುತ್ತಿರುತ್ತದೆ. ಎಲ್ಲರೂ ನಿಂತಲ್ಲೇ ಅರ್ಧ ನಿಮಿಷ ಸುಮ್ಮನಿದ್ದು ಆ ಕೋಣೆಯ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಸದ್ದು, ಹಿಡಿದು ತಂದಿದ್ದರೆ ಈ ತೇಪೆಗಳನ್ನು ಮುಚ್ಚಬಹುದು. ಹಾಗೆ ತರುವವರು ಕಡಿಮೆ. ‘ಡಬ್ಬಿಂಗ್ ಮಾಡೋಣ ಬಿಡಿ’ ಎನ್ನುತ್ತಾರೆ. ಮಾಡಿದರೆ ಮಾತು ಸ್ವಚ್ಛವಾಗಿ ಕೇಳುತ್ತದೆ, ಆದರೆ ಬಾಯಿ ಮಢ್ ಐಲ್ಯಾಂಡಿನ ಪಾಳುಬಂಗಲೆಯಲ್ಲಿ, ದನಿ ಸ್ಪಂಜು ಹೊಡೆದ ಪೆಟ್ಟಿಗೆಯಲ್ಲಿ.

ಜಗತ್ತಿನ ಅಂತ್ಯವನ್ನೇ ತೋರಿಸಬೇಕಾದಾಗ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಪ್ರೇಮಕಥೆಯಲ್ಲಿ ರಿಕ್ಷಾ ಸದ್ದು ಬಂದರೆ ಅದು ಮುಂಬೈ. ಜಾಂಬಿ ಕಥೆಯಲ್ಲಿ ಬಂದರೆ, ರಿಕ್ಷಾ ಓಡಿಸುತ್ತಿರುವವನು ಯಾರು? ಈ ನಗರದಲ್ಲಿ ಖಾಲಿ ಬೀದಿಯ ಸದ್ದು ಬೇಕಾದವರು ರಾತ್ರಿಯ ಕೊನೆಯ ಲೋಕಲ್ ಹೋದ ಮೇಲೆ, ನಾಲ್ಕರ ಸುಮಾರಿಗೆ ಮೊದಲ ಲೋಕಲ್ ಹೊರಡುವ ಮುಂಚೆ ಹೋಗಿ ಹಿಡಿಯಬೇಕು.

ಬಡತನದಲ್ಲೂ ಕಿವಿಯನ್ನು ನಂಬಿ ಗೆದ್ದವರಿದ್ದಾರೆ. ಅಮೆರಿಕದ ಜಾರ್ಜ್ ರೊಮೆರೊ 1968ರಲ್ಲಿ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಮಾಡಿದ್ದು ಸುಮಾರು 1,14,000 ಡಾಲರಿನಲ್ಲಿ. ಕಪ್ಪುಬಿಳುಪು ಚಿತ್ರ, ರಕ್ತದ ಬದಲು ಚಾಕೊಲೇಟ್ ಸಿರಪ್. ಈ ಸಿರಪ್ಪಿನ ಕಥೆ ಎಲ್ಲರಿಗೂ ಬಾಯಿಪಾಠ. ನನ್ನ ಜೊತೆ ಕೆಲಸ ಕಲಿಯುವ ಹುಡುಗರಿಗೆ ನಾನು ಆ ಚಿತ್ರವನ್ನು ಕಣ್ಣು ಮುಚ್ಚಿ ಕೇಳಿ ಎನ್ನುತ್ತೇನೆ. ಕ್ಯಾಮರಾ ಹೆಚ್ಚಿನ ಹೊತ್ತು ಒಂದು ತೋಟದ ಮನೆ ಬಿಟ್ಟು ಹೋಗುವುದಿಲ್ಲ. ದೇಶ ಕುಸಿಯುತ್ತಿರುವುದು ನಮಗೆ ಗೊತ್ತಾಗುವುದು ಆ ಮನೆಯ ರೇಡಿಯೊ, ಟಿವಿಗಳಿಂದ. ಸೈನ್ಯ, ಟ್ಯಾಂಕು, ಹೆಲಿಕಾಪ್ಟರು ಬಾಡಿಗೆಗೆ ತರುವುದಕ್ಕೂ ವಾರ್ತೆ ಓದುವ ಒಂದು ದನಿಗೂ ಖರ್ಚಿನಲ್ಲಿ ಎಷ್ಟು ಅಂತರ ಲೆಕ್ಕ ಹಾಕಿ. ಹಿನ್ನೆಲೆ ಸಂಗೀತವನ್ನೂ ಹೊಸದಾಗಿ ಮಾಡಿಸದೆ, ಸಿದ್ಧ ಸಂಗೀತದ ಸಂಗ್ರಹದಿಂದ ಆರಿಸಿಕೊಂಡರು.

ಬ್ರಿಟನ್ನಿನ ಮಾರ್ಕ್ ಪ್ರೈಸ್ ಇನ್ನೂ ಮುಂದೆ ಹೋದರು. ಅವರ ‘ಕಾಲಿನ್’ (2008) ಚಿತ್ರದ ಖರ್ಚು 45 ಪೌಂಡು ಎಂದು ಸುದ್ದಿಯಾಯಿತು. ಅದರ ನಾಯಕನೇ ಜಾಂಬಿ. ಜಾಣತನ ಅಂದರೆ ಇದು: ನಾಯಕ ಮಾತೇ ಆಡದಿದ್ದರೆ ನನ್ನಂಥವನ ಅರ್ಧ ಬಿಲ್ಲು ಅಲ್ಲೇ ಉಳಿಯಿತು.

ಅಗ್ಗದ ದೆವ್ವದ ಚಿತ್ರಗಳಿಗೆ ಹೆಸರಾದ ನಮ್ಮ ಮುಂಬೈಯ ರ‍್ಯಾಮ್ಸೆ ಸಹೋದರರನ್ನು ನೋಡಿ ನಗುವುದು ಸುಲಭ. ಏಳು ಅಣ್ಣತಮ್ಮಂದಿರಲ್ಲಿ ಒಬ್ಬರು ಕ್ಯಾಮರಾ, ಒಬ್ಬರು ಸಂಕಲನ, ಕಿರಣ್ ರ‍್ಯಾಮ್ಸೆ ಧ್ವನಿ ಎಂದು ಕೆಲಸ ಹಂಚಿಕೊಂಡಿದ್ದರು. ಧ್ವನಿಗೆಂದೇ ಮನೆಯ ಒಬ್ಬನನ್ನು ಇಟ್ಟುಕೊಂಡವರಿಗೆ ಬಾಗಿಲ ಕಿರ್‌ಗುಟ್ಟುವಿಕೆಯ ಬೆಲೆ ಗೊತ್ತಿತ್ತು.

ಇಪ್ಪತ್ತು ಜನರನ್ನು ಇನ್ನೂರಾಗಿ ಕೇಳಿಸುವುದು ನನಗೆ ತುಂಬ ಇಷ್ಟದ ಕೆಲಸ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಒಂದೇ ನರಳಾಟವನ್ನು ಪದೇಪದೇ ಹಾಕುವವರಿದ್ದಾರೆ. ಮೂರನೇ ಸಲಕ್ಕೆ ಪ್ರೇಕ್ಷಕರು ಗುರುತು ಹಿಡಿಯುತ್ತಾರೆ. ಏಳೆಂಟು ಜನ ಸಿಕ್ಕರೂ ಸಾಕು. ಒಬ್ಬೊಬ್ಬರನ್ನೇ ಮೈಕಿನ ಹತ್ತಿರ, ಆಮೇಲೆ ಕಾರಿಡಾರಿನಲ್ಲಿ, ಆಮೇಲೆ ಮೆಟ್ಟಿಲ ಕೆಳಗೆ ನಿಲ್ಲಿಸಿ ಹಿಡಿಯಬೇಕು. ಕೆಲವನ್ನು ವೇಗ ತಗ್ಗಿಸಿ ಪದರಪದರವಾಗಿ ಹಾಸಬೇಕು. ದೂರದಿಂದ ಬರುವ ಸದ್ದಿನಲ್ಲಿ ಕೀರಲು ಅಂಶ ಗಾಳಿಯಲ್ಲೇ ಸವೆದಿರುತ್ತದೆ, ಹಾಗಾಗಿ ಹಿಂದಿನ ಸಾಲಿನವರ ದನಿಯಲ್ಲಿ ಅದನ್ನು ಕತ್ತರಿಸಬೇಕು. ಉಸಿರು ಬಿಡುತ್ತಾ ಅಲ್ಲ, ಎಳೆದುಕೊಳ್ಳುತ್ತಾ ನರಳಿಸಿದರೆ ಮನುಷ್ಯನದಲ್ಲದ ದನಿ ಬರುತ್ತದೆ. ಗಂಟಲು ಮಾತ್ರ ಹೋಗುತ್ತದೆ, ಆದ್ದರಿಂದ ಮಾತಿನ ಡಬ್ಬಿಂಗ್ ಪೂರ್ತಿ ಮುಗಿದ ಮೇಲೇ ಇದು.

ಹಿಂದೊಮ್ಮೆ ಡೊಂಬಿವಲಿಯ ಹುಡುಗನೊಬ್ಬನ ಕಿರುಚಿತ್ರಕ್ಕೆ ಮಾಟುಂಗದ ನಾಟಕದ ಬಳಗದವರು ಜಾಂಬಿಗಳಾಗಿ ಬಂದರು. ಹೋಟೆಲು ಮಗನಿಗೆ ವಹಿಸಿ ನಿವೃತ್ತರಾದ ಶೆಟ್ರೊಬ್ಬರು ಮೈಕಿನ ಮುಂದೆ ನಿಂತರು.

“ಶೆಟ್ರೇ, ಸತ್ತವರ ಹಾಗೆ ಕೂಗಿ.”

“ಸತ್ತವರು ಕೂಗ್ತಾರಾ ಮಾರಾಯ್ರೇ?”

ಉಸಿರೇ ಇಲ್ಲದವರಿಗೆ ದನಿ ಎಲ್ಲಿಂದ ಎಂಬುದಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ. ಆದರೆ ಅವರು ಕೂಗಿದರು. ಪ್ರಾಯದಲ್ಲಿ ಯಕ್ಷಗಾನದ ರಾಕ್ಷಸ ವೇಷ ಮಾಡಿದವರಂತೆ, ನರಳಾಟಕ್ಕೂ ಒಂದು ತಾಳ ಬಂತು. ನಡಿಗೆಯೂ ಹಾಗೇ, ಕಾಲೆಳೆಯುವುದು ಲಯಕ್ಕೆ ಸರಿಯಾಗಿ. ತಾಂತ್ರಿಕವಾಗಿ ತಪ್ಪು. ಆದರೆ ಚಿತ್ರ ನೋಡಿದವರು ಆ ಜಾಂಬಿಯನ್ನೇ ನೆನಪಿಟ್ಟುಕೊಂಡರು. ದುಡ್ಡು ಕೊಟ್ಟು ತರಿಸಿದ ಜೂನಿಯರ್ ಆರ್ಟಿಸ್ಟರು ಮಾಡುವ ಒಂದೇ ಅಚ್ಚಿನ ಜಾಂಬಿಗೆ ಇಂಥ ಊರು, ಪ್ರಾಯ, ಹಟ ಇರುವುದಿಲ್ಲ. ಇವರೆಲ್ಲ ಭಾನುವಾರ ಬಿಡುವು ಮಾಡಿಕೊಂಡು ಬಂದ ನೆರೆಹೊರೆಯವರು ಎಂಬುದು ಪರದೆಯ ಮೇಲೆ ಕಾಣುತ್ತದೆ, ಈ ಚಿತ್ರಗಳನ್ನು ನಾನು ಬಿಡಲಾರದಿರುವುದೂ ಅದಕ್ಕೇ. ಜಪಾನಿನ ಶಿನಿಚಿರೊ ಉಯೆದಾ ಸುಮಾರು 30 ಲಕ್ಷ ಯೆನ್‌ನಲ್ಲಿ ಮಾಡಿದ ‘ಒನ್ ಕಟ್ ಆಫ್ ದ ಡೆಡ್’ (2017) ನಿಂತಿರುವುದೂ ಇದರ ಮೇಲೇ. ಮೊದಲ 37 ನಿಮಿಷದ ಒಂದೇ ಶಾಟ್ ನೋಡುವಾಗ ಇದೇನು ಇಷ್ಟು ಕಳಪೆ, ನಡುನಡುವೆ ಯಾಕೆ ಸುಮ್ಮನೆ ನಿಲ್ಲುತ್ತಾರೆ ಅನಿಸುತ್ತದೆ. ದಯವಿಟ್ಟು ಎದ್ದು ಹೋಗಬೇಡಿ, ಕಾರಣ ಆಮೇಲೆ ತಿಳಿಯುತ್ತದೆ.

ಫೋಲಿಯ, ಅಂದರೆ ಚಿತ್ರಕ್ಕೆ ಬೇಕಾದ ಸದ್ದುಗಳನ್ನು ಆಮೇಲೆ ಬೇರೆ ವಸ್ತುಗಳಿಂದ ಮಾಡಿ ಸೇರಿಸುವ, ವಿಷಯ ಚುಟುಕಾಗಿ. ಎಲುಬು ಮುರಿಯುವ ಸದ್ದಿಗೆ ಹಾಲಿವುಡ್ಡಿನವರು ಸೆಲರಿ ಸೊಪ್ಪಿನ ದಂಟು ಮುರಿಯುತ್ತಾರೆ. ಇಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೂಲಂಗಿ ಆಗುತ್ತದೆ, ಕರುಳಿಗೆ ಹಣ್ಣಾದ ಪಪ್ಪಾಯಿ. ಜಾಂಬಿಗಳಿಗೆ ಹವಾಯಿ ಚಪ್ಪಲಿ ಮಾತ್ರ ತೊಡಿಸಬೇಡಿ. ಚಟಪಟ ಸದ್ದು ಮಾಡುತ್ತಾ ಬಂದವನು ಹಾಲು ತರಲು ಹೊರಟವನಂತೆ ಕಾಣುತ್ತಾನೆ.

ಈ ಮಳೆಗಾಲ ಮುಗಿದ ಮೇಲೆ ಶೂಟಿಂಗ್ ಇಟ್ಟುಕೊಂಡಿರುವವರು ಲ್ಯಾಟೆಕ್ಸ್ ಗಾಯಗಳಲ್ಲಿ ಎರಡು ಮೂರು ಕಡಿಮೆ ಮಾಡಿ, ಆ ದುಡ್ಡಿಗೆ ಬೂಮ್ (ಉದ್ದ ಕೋಲಿನ ತುದಿಯ ಮೈಕು) ಹಿಡಿಯಲು ಬಲ್ಲ ಒಬ್ಬನನ್ನು ದಿನಗೂಲಿಗೆ ಕರೆದುಕೊಳ್ಳಿ. ಎಲ್ಲ ಮುಗಿದ ಮೇಲೆ ಕುಕ್ಕರ್ ತೆಗೆದುಕೊಡಿ ಎಂದು ಬಂದರೆ ನಾನು ಕೇಳುವುದು ಅದಕ್ಕಿಂತ ಜಾಸ್ತಿ.