ಮಡಚಿದರೆ ಬಂದಂತೆಯೋ, ಹೊರಟಂತೆಯೋ?

ಸ್ಪ್ಯಾನಿಷ್ ಒಂದಿಷ್ಟು ಕಲಿತು ರೊಮೇನಿಯನ್‌ಗೆ ಕೈಹಾಕಿದವರು ಎಡವುವ ಜಾಗವೊಂದಿದೆ. ಸ್ಪ್ಯಾನಿಷ್‌ನಲ್ಲಿ ‘ಎಲ್ ತ್ರೆನ್ ಯೇಗಾ’ ಎಂದರೆ ರೈಲು ಬಂದು ತಲುಪುತ್ತದೆ. ರೊಮೇನಿಯನ್‌ನ ‘ತ್ರೆನುಲ್ ಪ್ಲ್ಯಾಕ’ ಎಂದರೆ ರೈಲು ಹೊರಡುತ್ತದೆ. ಎರಡು ಕ್ರಿಯಾಪದಗಳೂ ಹುಟ್ಟಿದ್ದು ಲ್ಯಾಟಿನ್‌ನ ‘ಪ್ಲಿಕಾರೆ’ಯಿಂದ, ಅದರ ಅರ್ಥ ಮಡಚು. ಇದು ಗೊತ್ತಿಲ್ಲದೆ ನಾನು ಪಾಠದಲ್ಲಿದ್ದ ವೇಳಾಪಟ್ಟಿಯನ್ನೆಲ್ಲ ತಿರುಗುಮುರುಗಾಗಿ ಓದಿದ್ದೆ.

ಮೊದಲು ಧ್ವನಿಯ ಲೆಕ್ಕ. ಪದದ ಮೊದಲಿನ ‘ಪ್ಲ’ ಸ್ಪ್ಯಾನಿಷ್‌ನಲ್ಲಿ ಇಂದು ಬಹುಪಾಲು ‘ಯ’ದಂತೆ ಕೇಳುತ್ತದೆ, ಪೋರ್ಚುಗೀಸ್‌ನಲ್ಲಿ ‘ಶ’ ಆಗಿದೆ, ಇಟಾಲಿಯನ್‌ನಲ್ಲಿ ‘ಪಿಯ’. ಫ್ರೆಂಚ್, ರೊಮೇನಿಯನ್‌ಗಳು ‘ಪ್ಲ’ವನ್ನು ಹಾಗೆಯೇ ಉಳಿಸಿಕೊಂಡಿವೆ. ಮಳೆಯ ಪದ ಹಿಡಿದರೆ ನೆನಪಿಗೆ ಸುಲಭ: ಲ್ಯಾಟಿನ್ ‘ಪ್ಲುವಿಯಾ’ ಸ್ಪ್ಯಾನಿಷ್‌ನಲ್ಲಿ ‘ಯೂವಿಯಾ’, ಪೋರ್ಚುಗೀಸ್‌ನಲ್ಲಿ ‘ಶೂವ’. ಅದೇ ದಾರಿಯಲ್ಲಿ ನಮ್ಮ ಕ್ರಿಯಾಪದ ಸ್ಪ್ಯಾನಿಷ್‌ನ ‘ಯೇಗಾರ್’, ಪೋರ್ಚುಗೀಸ್‌ನ ‘ಶೆಗಾರ್’ ಆಯಿತು. ಮಧ್ಯದ ‘ಕ’ ಅಲ್ಲಿ ಮೃದುವಾಗಿ ‘ಗ’ ಆಗಿದೆ. ಸ್ಪ್ಯಾನಿಷ್‌ನ ‘ಆಪ್ಲಿಕಾರ್’ನಲ್ಲಿ ‘ಪ್ಲ’ ಇನ್ನೂ ಇದೆಯಲ್ಲ ಎಂದು ಗೊಂದಲ ಬೇಡ. ಅದು ಜನರ ಬಾಯಲ್ಲಿ ಸವೆದು ಬಂದ ಪದವಲ್ಲ, ಪಂಡಿತರು ಲ್ಯಾಟಿನ್ ಪುಸ್ತಕಗಳಿಂದ ಎತ್ತಿಕೊಂಡದ್ದು.

ಅರ್ಥದ ಕಥೆ ಇದಕ್ಕಿಂತ ರುಚಿಕರ. ಇಟಾಲಿಯನ್‌ನ ‘ಪಿಯೆಗಾರೆ’, ಫ್ರೆಂಚ್‌ನ ‘ಪ್ಲಿಯೇ’ ಇಂದಿಗೂ ಮಡಚುತ್ತಲೇ ಇವೆ. ‘ತಲುಪು’, ‘ಹೊರಡು’ ಎಂಬ ಉಳಿದೆರಡು ಅರ್ಥಗಳಿಗೆ ಪಾಠಗಳಲ್ಲಿ ಹೇಳುವ ವಿವರಣೆ ಇದು: ನಾವಿಕರು ದಡ ಸೇರಿದಾಗ ಹಾಯಿ ಮಡಚುತ್ತಾರೆ, ಆದ್ದರಿಂದ ಸ್ಪೇನ್, ಪೋರ್ಚುಗಲ್ ಇರುವ ಐಬೀರಿಯಾದಲ್ಲಿ ಮಡಚು ಎಂದರೆ ತಲುಪು, ಸೈನಿಕರು ಡೇರೆ ಮಡಚಿ ನಡೆಯುತ್ತಾರೆ, ಆದ್ದರಿಂದ ಇಂದಿನ ರೊಮೇನಿಯಾದ ಕಡೆಯ ಡೇಸಿಯಾದಲ್ಲಿ ಮಡಚು ಎಂದರೆ ಹೊರಡು. ಬಿಡಾರ ಕೀಳುವುದು, ಗಂಟುಮೂಟೆ ಕಟ್ಟುವುದು ಎಂದರೇನೆಂದು ಬಲ್ಲ ನಮಗೆ ಡೇರೆಯ ಮಾತು ತಟ್ಟನೆ ಹಿಡಿಸುತ್ತದೆ. ಹಾಯಿಯ ಮಾತನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಹಡಗನ್ನು ದಡಕ್ಕೆ ತಂದು ಸೇರಿಸುವುದಕ್ಕೆ ಲ್ಯಾಟಿನ್‌ನಲ್ಲಿ ‘ಅಪ್ಲಿಕಾರೆ’ ಎಂಬ ಪದ ಮೊದಲಿನಿಂದಲೂ ಇತ್ತು. ಅದರ ಮೊದಲ ತುಂಡು ಉದುರಿ ‘ಪ್ಲಿಕಾರೆ’ ಉಳಿದಿದ್ದರೆ ಹಾಯಿಯನ್ನು ಮಡಚುವ ಅಗತ್ಯವೇ ಇಲ್ಲ. 4ನೇ ಶತಮಾನದ ಕೊನೆಯಲ್ಲಿ ಪವಿತ್ರ ಭೂಮಿಗೆ ಯಾತ್ರೆ ಹೋದ ಎಗೇರಿಯಾ ಎಂಬ ಮಹಿಳೆ ತನ್ನ ಲ್ಯಾಟಿನ್ ಬರಹದಲ್ಲಿ ‘ಪ್ಲಿಕಾರೆ’ಯನ್ನು ‘ಹತ್ತಿರವಾಗು’ ಎಂಬ ಅರ್ಥದಲ್ಲಿ ಬಳಸಿದ್ದಾಳೆ, ಅದೂ ನೆಲದ ಮೇಲಿನ ಪ್ರಯಾಣದಲ್ಲಿ.

ಬರೆಯುವಾಗ ಒಂದು ಎಚ್ಚರ: ‘ನಾನು ತಲುಪಿದೆ’ ಎನ್ನುವ ಸ್ಪ್ಯಾನಿಷ್‌ನ ‘ಯೇಗೇ’ಯಲ್ಲಿ ‘ಗ’ ಧ್ವನಿ ಕೆಡದಿರಲು ‘ಜಿ’ ಅಕ್ಷರದ ನಂತರ ಒಂದು ‘ಯು’ ಸೇರಿಸಬೇಕು. ಪೋರ್ಚುಗೀಸ್‌ನ ‘ಶೆಗೇಯ್’ಗೂ ಇದೇ ನಿಯಮ.

ಇನ್ನು ಬಾರ್ಸಿಲೋನಾ ಕಡೆಯ ಭಾಷೆ ಕೆಟಲಾನ್‌ನ ‘ಪ್ಲೆಗಾ’. ಅದಕ್ಕೆ ಮಡಚು ಎಂಬ ಅರ್ಥವೂ ಇದೆ, ದಿನದ ಕೆಲಸ ಮುಗಿಸಿ ಏಳು ಎಂಬ ಅರ್ಥವೂ ಇದೆ. ಬಾರ್ಸಿಲೋನಾದಲ್ಲಿ ಯಾರಾದರೂ ಆರಕ್ಕೆ ಮಡಚುತ್ತೇನೆ ಎಂದರೆ, ಆರು ಗಂಟೆಯ ಮೇಲೆ ಅವರು ಕಚೇರಿಯಲ್ಲಿ ಸಿಗುವುದಿಲ್ಲ.